ಯುದ್ಧದ ಖರ್ಚು ಬಡವರ ತಲೆಗೆ ಬೀಳುವುದು ಹೇಗೆ?

1943ರ ಬಂಗಾಳದ ಕ್ಷಾಮವನ್ನು ತನಿಖೆ ಮಾಡಿದ ಸರ್ಕಾರಿ ಆಯೋಗ 1945ರ ತನ್ನ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಆ ವರ್ಷ ಅಕ್ಕಿ ವ್ಯಾಪಾರದಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಬಂದ ಲಾಭ 150 ಕೋಟಿ ರೂಪಾಯಿ. ಆಯೋಗದ ಅಂದಾಜಿನ ಪ್ರಕಾರ ಸತ್ತವರು 15 ಲಕ್ಷ. ಅಂದರೆ ಒಂದೊಂದು ಸಾವಿಗೆ ಸಾವಿರ ರೂಪಾಯಿ ಲಾಭ. ಸತ್ತವರು 30 ಲಕ್ಷದ ಆಸುಪಾಸು ಎಂದು ನಂತರದ ಕೆಲವು ಸಂಶೋಧಕರು ಹೇಳಿದ್ದಾರೆ.

ಈ ಜನರು ಗುಂಡಿಗೆ ಸಿಕ್ಕಿ ಸಾಯಲಿಲ್ಲ. ಅವರನ್ನು ಕೊಂದದ್ದು ಅಕ್ಕಿಯ ಬೆಲೆ. ಎರಡನೇ ಮಹಾಯುದ್ಧದ ಖರ್ಚು ಬೆಲೆಯಾಗಿ ಬದಲಾಗಿ ಬಡವರ ಮನೆ ಮುಟ್ಟಿದ ದಾರಿಯನ್ನು ಹಂತ ಹಂತವಾಗಿ ನೋಡೋಣ.

ಖರ್ಚು ಯಾರದು, ಕೊಟ್ಟವರು ಯಾರು?

1939ರ ಸೆಪ್ಟೆಂಬರ್‌ನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಜನಪ್ರತಿನಿಧಿಗಳನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಆ ನಂತರದ ಒಪ್ಪಂದದಂತೆ ಭಾರತದ ಸ್ವಂತ ರಕ್ಷಣೆಯ ಖರ್ಚು ಭಾರತದ್ದು. ಹೊರಗಿನ ರಣರಂಗಗಳಿಗೆ ಹೋಗುವ ಸೈನ್ಯ ಮತ್ತು ಸಾಮಗ್ರಿಯ ಖರ್ಚಿನ ಬಹುಪಾಲು ಬ್ರಿಟನ್ನಿನದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಆದರೆ ಬ್ರಿಟನ್ ಸರಕನ್ನು ಉದ್ರಿ ಬರೆಸಿ ಒಯ್ದಿತು. ತನ್ನ ಪಾಲಿನ ಹಣವನ್ನು ಲಂಡನ್ನಿನಲ್ಲಿದ್ದ ರಿಸರ್ವ್ ಬ್ಯಾಂಕಿನ ಖಾತೆಗೆ ಪೌಂಡುಗಳಲ್ಲಿ ಜಮಾ ಮಾಡಿತು. ಅದರಲ್ಲಿ ಒಂದು ಪಾಲು ಭಾರತದ ಹಳೆಯ ಸಾಲಕ್ಕೆ ವಜಾ ಆಯಿತು, ಉಳಿದದ್ದು ಅಲ್ಲೇ ಉಳಿಯಿತು. ಇತ್ತ ಸೇನೆಗೆ ಕೊಂಡ ಗೋಧಿ, ಬಟ್ಟೆ, ಬೂಟುಗಳಿಗೆ ರೂಪಾಯಿಯಲ್ಲೇ ಹಣ ಕೊಡಬೇಕಿತ್ತು. ಲಂಡನ್ನಿನ ಜಮೆಯನ್ನು ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕ್ ನೋಟು ಹೊರಡಿಸಿತು. ಯುದ್ಧದ ಆರಂಭದಲ್ಲಿ ಸುಮಾರು 180 ಕೋಟಿ ರೂಪಾಯಿಯಷ್ಟಿದ್ದ ಚಲಾವಣೆಯ ನೋಟು, ಯುದ್ಧ ಮುಗಿಯುವ ಹೊತ್ತಿಗೆ 1,100 ಕೋಟಿ ದಾಟಿತ್ತು.

ಸರಕು ಹಡಗು ಹತ್ತಿತು, ಹಣ ಊರಲ್ಲೇ ಉಳಿಯಿತು. ಬೆಲೆ ಏರದೆ ಇನ್ನೇನಾದೀತು?

ಬೆಲೆ ಏರಿದಾಗ ಗೆದ್ದವರು, ಸೋತವರು

ಬೆಲೆ ಏರಿಕೆ ಎಲ್ಲರನ್ನೂ ಒಂದೇ ಸಮ ಬಾಧಿಸುವುದಿಲ್ಲ. ದಾಸ್ತಾನು ಇದ್ದವರು, ಸೇನೆಯ ಗುತ್ತಿಗೆ ಹಿಡಿದವರು, ಗಿರಣಿ ಮಾಲೀಕರು ಗಳಿಸಿದರು. ದಿನಗೂಲಿಯವರ ಕೂಲಿ ಮಾತ್ರ ಬೆಲೆಯ ಹಿಂದೆ ಓಡಲಾರದೆ ನಿಂತಿತು. ಶಾಸನಸಭೆ ಮಂಜೂರು ಮಾಡದ ತೆರಿಗೆಯೊಂದನ್ನು ಅವರು ಅನ್ನದ ರೂಪದಲ್ಲಿ ಕಟ್ಟಿದರು.

ಬಂಗಾಳದಲ್ಲಿ ಇದರ ಮೇಲೆ ಬೇರೆ ಏಟುಗಳೂ ಬಿದ್ದವು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳ ದೋಣಿಗಳನ್ನು ಕಿತ್ತುಕೊಂಡಿತು. ಮೀನುಗಾರರ ಜೀವನೋಪಾಯ ಹೋಯಿತು. ಅಕ್ಟೋಬರ್‌ನಲ್ಲಿ ಚಂಡಮಾರುತ ಬಡಿಯಿತು. 1942ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಮಣಕ್ಕೆ ಸುಮಾರು 6 ರೂಪಾಯಿ ಇದ್ದ ಅಕ್ಕಿ, ಮರುವರ್ಷದ ಮೇ ತಿಂಗಳಿಗೆ 30 ರೂಪಾಯಿ ಮುಟ್ಟಿತು.

ಯುದ್ಧಕ್ಕೆ ಬೇಕಾದ ಕಾರ್ಖಾನೆ, ಕಚೇರಿಗಳ ನೌಕರರಿಗೆ ಕಲ್ಕತ್ತೆಯಲ್ಲಿ ಕಡಿಮೆ ದರದ ಅಕ್ಕಿಯ ಏರ್ಪಾಡಾಯಿತು. ಆ ಅಕ್ಕಿ ಬೆಳೆದ ಹಳ್ಳಿಗಳ ಕೃಷಿ ಕೂಲಿಗಳಿಗೆ, ಮೀನುಗಾರರಿಗೆ, ಕುಶಲಕರ್ಮಿಗಳಿಗೆ ಅಂಥದ್ದೇನೂ ಇರಲಿಲ್ಲ. ಹೆಚ್ಚು ಸತ್ತವರು ಇವರೇ ಎಂದು ಅಮರ್ತ್ಯ ಸೇನ್ 1981ರ ತಮ್ಮ ಅಧ್ಯಯನದಲ್ಲಿ ತೋರಿಸಿದರು.

ಲಾಭಕ್ಕೆ ಲಗಾಮು

ಯುದ್ಧದ ಲಾಭವನ್ನು ಹಿಡಿಯುವ ದಾರಿ ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ 1940ರ ಜನವರಿಯಿಂದಲೇ ಆಹಾರದ ಪಡಿತರ ಶುರುವಾಗಿತ್ತು. ಅದೇ ವರ್ಷ ಅಲ್ಲಿ ಹೆಚ್ಚುವರಿ ಲಾಭದ ತೆರಿಗೆಯನ್ನು ಶೇ. 100ಕ್ಕೆ ಏರಿಸಲಾಯಿತು. ಭಾರತದಲ್ಲಿ ಅದೇ ತೆರಿಗೆ 1940ರಲ್ಲಿ ಶೇ. 50 ಇತ್ತು, ಮರುವರ್ಷ ಮೂರರಲ್ಲಿ ಎರಡು ಪಾಲಾಯಿತು. ಕಾಳಸಂತೆಯ ಗಳಿಕೆ ಲೆಕ್ಕಕ್ಕೇ ಬರಲಿಲ್ಲ. ಅದನ್ನು ಹೊರಗೆಳೆಯಲು 1946ರ ಜನವರಿಯಲ್ಲಿ 500, 1,000 ಮತ್ತು 10,000 ರೂಪಾಯಿ ನೋಟುಗಳನ್ನು ರದ್ದು ಮಾಡಿದರು. 1947ರಲ್ಲಿ ಆದಾಯ ತೆರಿಗೆ ವಂಚನೆಯ ತನಿಖೆಗೆ ಆಯೋಗ ರಚಿಸಿದರು. ಅಷ್ಟರಲ್ಲಿ ಲಕ್ಷಾಂತರ ಜನ ಸತ್ತಾಗಿತ್ತು.

ಯುದ್ಧ ಕಟ್ಟಿದ್ದೂ ಉಂಟು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್, ಆ ಕಾಲದ ಅಗತ್ಯದಿಂದಲೇ ಹುಟ್ಟಿತು. ಬೆಂಗಳೂರಿನ ಎಷ್ಟೋ ತಲೆಮಾರುಗಳಿಗೆ ಅದು ಅನ್ನ ಕೊಟ್ಟಿದೆ. ಈ ಗಳಿಕೆ ನಮ್ಮ ಕಣ್ಣೆದುರಿಗೇ ಇರುವುದರಿಂದ, ಅದೇ ಕಾಲದ ನಷ್ಟವನ್ನು ಬೇರೆಯಾಗಿ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.

ಉದ್ರಿ ತೀರಿತೇ?

ಯುದ್ಧ ಮುಗಿದಾಗ ಬ್ರಿಟನ್ ಭಾರತಕ್ಕೆ ಸುಮಾರು 130 ಕೋಟಿ ಪೌಂಡು ಬಾಕಿ ಇತ್ತು. ಅದು ಸ್ವಾತಂತ್ರ್ಯದ ನಂತರ ಕಂತುಕಂತಾಗಿ ಬಂತು. ಬ್ರಿಟಿಷ್ ಅಧಿಕಾರಿಗಳ ಪಿಂಚಣಿ ಮತ್ತು ಇಲ್ಲಿ ಬಿಟ್ಟುಹೋದ ಸೇನಾ ಸಾಮಗ್ರಿಯ ಬೆಲೆಯನ್ನು ಅದರಲ್ಲೇ ಮುರಿದುಕೊಳ್ಳಲಾಯಿತು. ಆದರೆ ಆ ಸಾಲ ನಿಜವಾಗಿ ಕೊಟ್ಟವರು 1943ರಲ್ಲಿ ಹಸಿದವರು. ಅವರ ಕೈಗೆ ಒಂದು ಕಂತೂ ಸೇರಲಿಲ್ಲ.

ಇಂದೂ ಯಾವುದೇ ಯುದ್ಧದ ಸುದ್ದಿ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಖರ್ಚಿಗೆ ಹಣ ಬರುತ್ತಿರುವುದು ತೆರಿಗೆಯಿಂದಲೋ, ಸಾಲದಿಂದಲೋ, ನೋಟು ಮುದ್ರಣದಿಂದಲೋ? ಕೂಲಿ ಬೆಲೆಯ ಜೊತೆ ಏರುತ್ತಿದೆಯೇ? ಪಡಿತರ ಹಳ್ಳಿಯ ಕೊನೆಯ ಮನೆಗೂ ಇದೆಯೇ? ಹೆಚ್ಚುವರಿ ಲಾಭದ ಮೇಲೆ ತೆರಿಗೆ ಯುದ್ಧ ನಡೆಯುವಾಗಲೇ ಬೀಳುತ್ತಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡದ ಸರ್ಕಾರ ಯುದ್ಧದ ಖರ್ಚನ್ನು ಬಡವರಿಂದಲೇ ವಸೂಲು ಮಾಡುತ್ತದೆ.