ಯುರೋಪಿಗೆ ಹೋಗುವ ಸಿಗಡಿ: ನಿಯಮಗಳ ಆರಂಭ ಕೊಳದ ದಂಡೆಯಲ್ಲಿ

ಕರಾವಳಿಯ ಉಪ್ಪುನೀರಿನ ಕೊಳಗಳಲ್ಲಿ ಸಾಕುವ ಸಿಗಡಿಯ ಬಹುಪಾಲು ನಮ್ಮ ಮಾರುಕಟ್ಟೆಗೆ ಬರುವುದಿಲ್ಲ. ಸಂಸ್ಕರಣಾ ಘಟಕಗಳಲ್ಲಿ ಹೆಪ್ಪುಗಟ್ಟಿಸಲ್ಪಟ್ಟು ಹಡಗಿನಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಕೊಳ್ಳುವ ದೇಶಗಳ ಪೈಕಿ ಅಮೆರಿಕ, ಚೀನ, ಯುರೋಪಿಯನ್ ಒಕ್ಕೂಟ ಮತ್ತು ಜಪಾನ್ ಮುಖ್ಯವಾದವು. ಪ್ರತಿಯೊಂದಕ್ಕೂ ತನ್ನದೇ ಆದ ನಿಯಮಗಳುಂಟು. ಅವುಗಳಲ್ಲಿ 27 ದೇಶಗಳು ಸೇರಿದ ಯುರೋಪಿಯನ್ ಒಕ್ಕೂಟದ ನಿಯಮಗಳು ಬಹಳ ಬಿಗಿಯಾದವು.

ರಫ್ತಿನ ನಿಯಮಗಳು ರಫ್ತು ಮಾಡುವವರಿಗೆ, ಸಾಕುವವರಿಗೇಕೆ ಎಂದು ಕೆಲವು ರೈತರು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಆದರೆ ಮಾಲು ತಿರಸ್ಕೃತವಾಗಲು ಮುಖ್ಯ ಕಾರಣಗಳಲ್ಲೊಂದಾದ ಔಷಧಿಯ ಉಳಿಕೆಯು ಸಾಮಾನ್ಯವಾಗಿ ಕೊಳದಲ್ಲಿಯೇ ಸಿಗಡಿಯ ಮೈ ಸೇರಿರುತ್ತದೆ. ಒಮ್ಮೆ ಸೇರಿದ್ದನ್ನು ಯಾವ ಕಾರ್ಖಾನೆಯೂ ತೊಳೆದು ತೆಗೆಯಲಾರದು.

ಒಳಗೆ ಹೋಗಲು ಮೂರು ಬಾಗಿಲು

ಮೊದಲನೆಯದಾಗಿ, ಮಾಲು ಕಳುಹಿಸುವ ದೇಶದ ಹೆಸರು ಒಕ್ಕೂಟದ ಪಟ್ಟಿಯಲ್ಲಿರಬೇಕು. ಸಾಕಿದ ಸಿಗಡಿಯಾದರೆ, ಔಷಧಿಯ ಉಳಿಕೆಯನ್ನು ಪ್ರತಿವರ್ಷ ಪರೀಕ್ಷಿಸುವ ಯೋಜನೆಯೊಂದು ಆ ದೇಶದಲ್ಲಿ ನಡೆಯುತ್ತಿರಬೇಕು. ನಮ್ಮಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಈ ಕೆಲಸವನ್ನು ನಡೆಸುತ್ತದೆ. ಎರಡನೆಯದಾಗಿ, ಸಂಸ್ಕರಣಾ ಘಟಕವು ಒಪ್ಪಿಗೆ ಪಡೆದು ಒಕ್ಕೂಟದ ಪಟ್ಟಿಯಲ್ಲಿ ಸೇರಿರಬೇಕು. ಮೂರನೆಯದಾಗಿ, ಪ್ರತಿಯೊಂದು ಸರಕಿನ ಜೊತೆಗೂ ಆರೋಗ್ಯ ಪ್ರಮಾಣಪತ್ರವಿರಬೇಕು. ಇದನ್ನು ಕೊಡುವುದು ರಫ್ತು ತಪಾಸಣಾ ಮಂಡಳಿಯ ಅಧೀನದ ಸಂಸ್ಥೆ. ಇಷ್ಟಾದರೂ ಅಲ್ಲಿನ ಬಂದರಿನ ತಪಾಸಣೆ ತಪ್ಪಿದ್ದಲ್ಲ.

ಇವು ಬರೀ ಕಾಗದದ ಮಾತುಗಳಲ್ಲ. 1997ರ ಆಗಸ್ಟ್ ತಿಂಗಳಲ್ಲಿ, ಘಟಕಗಳ ಶುಚಿತ್ವ ಸಾಲದೆಂದು ಯುರೋಪು ಭಾರತದ ಮೀನು ಮತ್ತು ಸಿಗಡಿಯನ್ನು ತಡೆಹಿಡಿದಿತ್ತು. ಅನಂತರ ಘಟಕಗಳು ಬಹಳ ಹಣ ಹಾಕಿ ಸುಧಾರಿಸಿಕೊಂಡವು. 2016ರಲ್ಲಿ ಮತ್ತೊಂದು ಬಿಗಿ ಬಂತು: ಭಾರತದ ಸಾಕಿದ ಸಿಗಡಿಯ ಸರಕುಗಳಲ್ಲಿ ಪರೀಕ್ಷೆಗೆ ಒಳಪಡಿಸುವ ಪ್ರಮಾಣವನ್ನು ಒಕ್ಕೂಟವು ಶೇಕಡಾ 10ರಿಂದ ಶೇಕಡಾ 50ಕ್ಕೆ ಏರಿಸಿತು. ಈ ಬಾರಿಯ ಕಾರಣ ಕಾರ್ಖಾನೆಯ ನೆಲವಾಗಲಿ ಗೋಡೆಯಾಗಲಿ ಅಲ್ಲ, ಔಷಧಿಯ ಉಳಿಕೆ.

ಎಷ್ಟು ಅಲ್ಪವಾದರೂ ಸಿಕ್ಕಿಬೀಳುತ್ತದೆ

ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಗುಂಪಿನ ಔಷಧಿಗಳನ್ನು (ಫ್ಯುರಜೋಲಿಡೋನ್, ನೈಟ್ರೋಫ್ಯುರಜೋನ್ ಮುಂತಾದವು) ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಯುರೋಪಿನಲ್ಲಿ ನಿಷೇಧಿಸಲಾಗಿದೆ. ಸಿಗಡಿ ಸಾಕಣೆಯಲ್ಲಿ ಇವುಗಳ ಬಳಕೆಗೆ ನಮ್ಮ ದೇಶದಲ್ಲಿಯೂ ನಿಷೇಧವಿದೆ. ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಕೆಲವರಲ್ಲಿ ರಕ್ತ ಉತ್ಪತ್ತಿಯನ್ನೇ ನಿಲ್ಲಿಸಿಬಿಡುತ್ತದೆ. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಮಿತಿ ಹಾಕಲು ಬರುವುದಿಲ್ಲ. ನೈಟ್ರೋಫ್ಯುರಾನುಗಳು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯಿದೆ.

2022ರ ನವೆಂಬರಿನಿಂದ ಯುರೋಪಿನಲ್ಲಿ ಕ್ರಮ ಕೈಗೊಳ್ಳುವ ಮಟ್ಟವನ್ನು ಇನ್ನೂ ಕೆಳಗಿಳಿಸಲಾಗಿದೆ. ಕಿಲೋ ಮಾಂಸಕ್ಕೆ ಕ್ಲೋರಾಂಫೆನಿಕಾಲ್ 0.15 ಮೈಕ್ರೋಗ್ರಾಂ, ನೈಟ್ರೋಫ್ಯುರಾನ್ ಉಳಿಕೆ 0.5 ಮೈಕ್ರೋಗ್ರಾಂ. ಈ ಅಂಕಿ ಮನಸ್ಸಿಗೆ ಹತ್ತುವುದು ಕಷ್ಟ. ಒಂದು ಅಕ್ಕಿ ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. 20 ಟನ್ ಸಿಗಡಿಯಲ್ಲೆಲ್ಲಾ ಸೇರಿ 3 ಮಿಲಿಗ್ರಾಂ ಕ್ಲೋರಾಂಫೆನಿಕಾಲ್, ಎಂದರೆ ಕಾಳಿನ ಆರನೆಯ ಒಂದು ಭಾಗಕ್ಕೂ ಕಡಿಮೆ ಇದ್ದರೂ ಆ ಸರಕು ಈ ಮಟ್ಟವನ್ನು ಮುಟ್ಟಿದಂತೆಯೇ.

ಹಿಡಿಯುವುದಕ್ಕೆ ಹದಿನೈದು ದಿನ ಮುಂಚೆ ಔಷಧಿ ನಿಲ್ಲಿಸಿದರೆ ಸಾಕು ಎಂಬ ಮಾತು ಕೊಳಗಳ ಕಡೆ ಕೇಳಿಬರುತ್ತದೆ. ನೈಟ್ರೋಫ್ಯುರಾನ್ ವಿಷಯದಲ್ಲಿ ಇದು ಪೂರ್ತಿ ತಪ್ಪು. ಮೂಲ ಔಷಧಿ ಕೆಲವೇ ಗಂಟೆಗಳಲ್ಲಿ ಮಾಯವಾಗುವುದು ನಿಜ. ಆದರೆ ಅದರಿಂದ ಹುಟ್ಟಿದ ವಸ್ತುವು ಮಾಂಸದ ಸಸಾರಜನಕಕ್ಕೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಹೆಪ್ಪುಗಟ್ಟಿಸಿದರೂ ಬೇಯಿಸಿದರೂ ಹೋಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಹುಡುಕುವುದು ಈ ಉಳಿದ ವಸ್ತುವನ್ನೇ.

ಇಷ್ಟಕ್ಕೂ ಔಷಧಿಯಿಂದ ಲಾಭವಾದರೂ ಏನು? 1994ರಿಂದ ನಮ್ಮ ದೇಶದ ಸಿಗಡಿ ಬೆಳೆಗಾರರನ್ನು ಕಾಡಿದ ಬಿಳಿ ಚುಕ್ಕೆ ರೋಗ ವೈರಸ್ಸಿನಿಂದ ಬರುವಂಥದು. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ರೋಗದಿಂದ ಅರ್ಧ ಬೆಳೆ ಕಳೆದುಕೊಂಡವರು ಔಷಧಿಗೆ ಹಣ ಸುರಿದು ಉಳಿದರ್ಧದ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ರೈತರಿಗೆ ತಿಳಿಯದೆಯೂ ಔಷಧಿ ಕೊಳ ಸೇರಬಹುದು. ಮರಿ ಉತ್ಪಾದನಾ ಕೇಂದ್ರದಲ್ಲಿಯೇ ಮರಿಗಳಿಗೆ ಕೊಟ್ಟಿರಬಹುದು. ಒಳಗೇನಿದೆ ಎಂದು ಬರೆಯದ 'ಟಾನಿಕ್' ಡಬ್ಬಿಗಳಲ್ಲಿ, ಬೆಳವಣಿಗೆಗೆಂದು ಮಾರುವ ಪುಡಿಗಳಲ್ಲಿ ಇರಬಹುದು. ತಯಾರಕರ ವಿಳಾಸ, ತಂಡದ ಸಂಖ್ಯೆ ಮತ್ತು ಒಳಗಿನ ವಸ್ತುಗಳ ವಿವರವಿಲ್ಲದ ಯಾವುದನ್ನೂ ಕೊಳದ ಹತ್ತಿರ ತರಬಾರದು. ಅಂಗಡಿಯವರ ಬಾಯಿಮಾತು ಪ್ರಯೋಗಶಾಲೆಯಲ್ಲಿ ನಡೆಯುವುದಿಲ್ಲ. ಗಾಯಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲಿ ನೈಟ್ರೋಫ್ಯುರಜೋನ್ ಇರುವುದರಿಂದ, ಕೈಗೆ ಮುಲಾಮು ಹಚ್ಚಿಕೊಂಡವರನ್ನು ಮೇವು ಕಲಸುವ, ಸಿಗಡಿ ಆರಿಸುವ ಕೆಲಸಕ್ಕೆ ಬಿಡದಿರುವುದು ಕ್ಷೇಮ.

ನೋಂದಣಿ, ಪುಸ್ತಕ, ಪರೀಕ್ಷೆ

2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯ ಪ್ರಕಾರ ಕೊಳದ ನೋಂದಣಿ ಕಡ್ಡಾಯ. ಇದಲ್ಲದೆ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದಲ್ಲಿ ಹೆಸರು ದಾಖಲಿಸಿ ಸಂಖ್ಯೆ ಪಡೆಯಬೇಕು. ಪೆಟ್ಟಿಗೆಯೊಳಗಿನ ಸಿಗಡಿ ಯಾವ ಕೊಳದ್ದೆಂದು ಹಿಂದಕ್ಕೆ ಹುಡುಕಿಕೊಂಡು ಬರಲು ಈ ಸಂಖ್ಯೆ ಬೇಕಾಗುತ್ತದೆ.

ಪ್ರತಿ ಕೊಳಕ್ಕೂ ಪ್ರತ್ಯೇಕ ಪುಸ್ತಕವಿರಲಿ. ಮರಿ ತಂದ ಕೇಂದ್ರ, ಬಿಟ್ಟ ದಿನ ಮತ್ತು ಸಂಖ್ಯೆ, ಮೇವಿನ ಹೆಸರು ಮತ್ತು ತಂಡದ ಸಂಖ್ಯೆ, ಹಾಕಿದ ಸುಣ್ಣವೂ ಸೇರಿದಂತೆ ಪ್ರತಿಯೊಂದು ವಸ್ತು, ಹಿಡಿದ ದಿನ, ಕೊಂಡವರ ಹೆಸರು ಬರೆದಿಡಬೇಕು. ರಸೀದಿಗಳನ್ನು ಅದರಲ್ಲಿಯೇ ಅಂಟಿಸಿಡುವುದು ಒಳ್ಳೆಯದು.

ಯುರೋಪಿಗೆ ಹೋಗುವ ಸಾಕಿದ ಸಿಗಡಿಗೆ ಹಿಡಿಯುವ ಮುನ್ನವೇ ಪರೀಕ್ಷೆಯಾಗಿ ಪ್ರಮಾಣಪತ್ರ ಸಿಕ್ಕಿರಬೇಕು. ಕೊಳದಿಂದ ಮಾದರಿ ತೆಗೆದು ಪ್ರಾಧಿಕಾರದ ಪ್ರಯೋಗಶಾಲೆಯಲ್ಲಿ ನೋಡುತ್ತಾರೆ. ಈ ಪತ್ರ ಮಾದರಿ ತೆಗೆದ ಕೊಳಕ್ಕೆ ಮಾತ್ರ ಸಲ್ಲುತ್ತದೆ. ಪಕ್ಕದ ಕೊಳದ ಮಾಲನ್ನು ಇದರ ಹೆಸರಿನಲ್ಲಿ ಸಾಗಿಸುವುದು ಸ್ನೇಹವೆನಿಸಿದರೂ ಮಾಡಬಾರದ ಕೆಲಸ. ನಮ್ಮ ಗಜನಿ ಭಾಗಗಳಲ್ಲಿ ಕೊಳಗಳು ಚಿಕ್ಕವು. ಹಲವರ ಸಿಗಡಿ ಸೇರಿ ಒಂದು ಸರಕಾಗುತ್ತದೆ. ಒಬ್ಬರ ಕೊಳದ ಉಳಿಕೆ ಆ ಎಲ್ಲರ ಮಾಲನ್ನೂ ಕೆಡಿಸಬಲ್ಲದು. ಬಂದರಿನಲ್ಲಿ ಸೋತ ಸರಕಿನ ಸುದ್ದಿ ಒಕ್ಕೂಟದ ಎಲ್ಲ ದೇಶಗಳಿಗೂ ತಲುಪುತ್ತದೆ; ಮಾಲು ಹಿಂದಕ್ಕೆ ಬರುತ್ತದೆ ಇಲ್ಲವೆ ನಾಶವಾಗುತ್ತದೆ. ಮುಂದಿನ ಸಲ ದಲ್ಲಾಳಿ ಆ ಊರಿಗೇ ಕಾಲಿಡದಿರಬಹುದು, ಬಂದರೂ ಬೆಲೆ ಇಳಿಸಿ ಕೇಳಬಹುದು.

ಹಿಡಿಯುವ ದಿನ

ಬಲೆಯಿಂದ ತೆಗೆದ ಸಿಗಡಿಯನ್ನು ಕೂಡಲೇ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಮುಳುಗಿಸಬೇಕು. ಅನಂತರ ಸಿಗಡಿಯ ತೂಕದಷ್ಟೇ ಮಂಜುಗಡ್ಡೆ ಸೇರಿಸಿ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ತುಂಬಬೇಕು. ಮಂಜುಗಡ್ಡೆ ಕುಡಿಯುವ ನೀರಿನಿಂದ ಮಾಡಿದ್ದಾಗಿರಬೇಕು. ದಂಡೆಯ ಮಣ್ಣಿನ ಮೇಲೆ ಸಿಗಡಿ ಸುರಿಯಬಾರದು. ಯುರೋಪಿನವರು ಸಾಲ್ಮೊನೆಲ್ಲಾ ರೋಗಾಣುವನ್ನೂ ಪರೀಕ್ಷಿಸುತ್ತಾರೆ. ಹಸಿ ಸಗಣಿ, ಕೋಳಿ ಗೊಬ್ಬರಗಳನ್ನು ಕೊಳಕ್ಕೆ ಹಾಕುವ ಹಳೆಯ ರೂಢಿಯನ್ನು ಬಿಡಬೇಕೆನ್ನುವುದು ಈ ಕಾರಣಕ್ಕೆ.

ತಲೆ ಕಪ್ಪಾಗದಿರಲೆಂದು ಕೆಲವರು ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಅದ್ದುತ್ತಾರೆ. ಇದಕ್ಕೆ ನಿಷೇಧವಿಲ್ಲ, ಮಿತಿಯಿದೆ. ಕೆಲವರಿಗೆ ಇದು ಮೈಗೆ ಒಗ್ಗದ ಕಾರಣ ಪೆಟ್ಟಿಗೆಯ ಮೇಲೆ ಬರೆಯಲೇಬೇಕಾಗುತ್ತದೆ. ಆದ್ದರಿಂದ ಕೊಳ್ಳುವ ಘಟಕದವರು ಹೇಳಿದ ಹೊರತು ಉಪಯೋಗಿಸಬಾರದು. ಉಪಯೋಗಿಸಿದರೆ ಪ್ರಮಾಣವನ್ನು ಅವರಿಗೆ ತಿಳಿಸಬೇಕು.

ಕಡಲಿನಲ್ಲಿ ಹಿಡಿದ ಸಿಗಡಿಗೂ ಮೀನಿಗೂ ದಾರಿ ಸ್ವಲ್ಪ ಬೇರೆ. 2010ರ ಜನವರಿ 1ರಿಂದ ಯುರೋಪಿಗೆ ಹೋಗುವ ಕಡಲ ಮಾಲಿಗೆ, ಯಾವ ದೋಣಿ ಎಲ್ಲಿ ಹಿಡಿದದ್ದೆಂಬ ಹಿಡಿತದ ಪ್ರಮಾಣಪತ್ರ ಬೇಕು. ಮರಿ ಕೇಂದ್ರದ ಮರಿ ತಂದು ಕೊಳದಲ್ಲಿ ಬೆಳೆಸಿದ ಸಿಗಡಿಗೆ ಇದು ಬೇಕಿಲ್ಲ. ಎರಡೂ ಕಸುಬು ಇರುವ ಮನೆಗಳವರು ಎರಡು ಮಾಲನ್ನೂ ಒಂದೇ ಪೆಟ್ಟಿಗೆಗೆ ಸೇರಿಸದೆ ಬೇರೆ ಬೇರೆಯಾಗಿಯೇ ಮಾರಬೇಕು.