ಪಿಕಪ್ ಹೋದ ಡೀಸೆಲ್ ಕಾರಿಗೆ ಮೊದಲು ಗಾಳಿಯ ಲೆಕ್ಕ

"ಗಾಡಿ ಜಗ್ಗವಲ್ದು ನೋಡ್ರಿ, ಪಿಕಪ್ ಪೂರ್ತಿ ಹೋಗೇತಿ." ಬೆಳಗಾವಿಯ ಗ್ಯಾರೇಜುಗಳಿಗೆ ಬರುವ ಡೀಸೆಲ್ ಕಾರುಗಳ ದೂರು ಹೆಚ್ಚಾಗಿ ಇಷ್ಟೇ. ಆಕ್ಸಿಲರೇಟರ್ ತಳಮುಟ್ಟ ತುಳಿದರೂ ಎಂಜಿನ್ ನಿಮಿಷಕ್ಕೆ 3,000 ಸುತ್ತಿನ ಮೇಲೆ ಏರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿರುತ್ತದೆ. ಸ್ಕ್ಯಾನರ್ ಹಚ್ಚಿದರೆ ಪಿ 0299 ಎಂಬ ಸಂಕೇತ ಸಿಗುತ್ತದೆ: ಟರ್ಬೊ ಒತ್ತಡ ಸಾಲದು. ಅದನ್ನು ನೋಡಿದ ಕೂಡಲೇ ಟರ್ಬೊ ಬದಲಿಸುವ ಮಾತು ಶುರುವಾಗುತ್ತದೆ. ಹತ್ತಾರು ಸಾವಿರ ರೂಪಾಯಿ ಕಟ್ಟಿ ಗಾಡಿ ಬಿಡಿಸಿಕೊಂಡು ಬಂದ ಮೇಲೂ ಅದೇ ದೀಪ ಮತ್ತೆ ಹೊತ್ತಬಹುದು. ಏಕೆಂದರೆ ಕೆಟ್ಟಿದ್ದು ಟರ್ಬೊ ಅಲ್ಲದೆ, ಅದರಿಂದ ಎಂಜಿನ್‌ಗೆ ಗಾಳಿ ಒಯ್ಯುವ ರಬ್ಬರ್ ಹೋಸಿನ ಮಡಿಕೆಯಲ್ಲಿ ಬಿಟ್ಟ ಒಂದು ಸೀಳು ಆಗಿರಬಹುದು.

ಸಂಕೇತ ಹೇಳುವುದು ಎಲ್ಲಿ ಕೊರತೆ ಕಂಡಿತು ಎಂಬುದನ್ನು ಮಾತ್ರ. ಯಾವುದರಿಂದ ಕೊರತೆಯಾಯಿತು ಎಂಬುದನ್ನು ಮನುಷ್ಯರೇ ಹುಡುಕಬೇಕು. ಹುಡುಕಲು ಡೀಸೆಲ್ ಎಂಜಿನ್ ಹೇಗೆ ಶಕ್ತಿ ಕೊಡುತ್ತದೆ ಎಂಬ ತಿಳಿವಳಿಕೆ ಸಾಕಷ್ಟು ದಾರಿ ತೋರಿಸುತ್ತದೆ.

ಪೆಟ್ರೋಲ್ ಎಂಜಿನ್ನಿನಂತೆ ಇಲ್ಲಿ ಕಿಡಿ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದಿಂದಲೇ ಕಾದ ಗಾಳಿಯೊಳಗೆ ಇಂಧನ ಚಿಮ್ಮಿಸಿದರೆ ಅದು ತಾನಾಗಿ ಉರಿಯುತ್ತದೆ. 1 ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಹೊಗೆ ಬಾರದಂತೆ ಉರಿಯಬೇಕಾದರೆ 18 ಗ್ರಾಂ ಆಸುಪಾಸು. ಹಾಗಾಗಿ ಎಷ್ಟು ಗಾಳಿ ಒಳಗೆ ಬಂತೋ ಅಷ್ಟಕ್ಕೆ ತಕ್ಕ ಇಂಧನವನ್ನು ಮಾತ್ರ ಕಾರಿನ ಕಂಪ್ಯೂಟರ್ ಬಿಡುತ್ತದೆ. ಸ್ವಿಫ್ಟ್, ಡಿಸೈರ್, ವಿಸ್ಟಾ ಮೊದಲಾದ ಎಷ್ಟೋ ಕಾರುಗಳಲ್ಲಿ ಕುಳಿತ 1,248 ಸಿಸಿಯ ಫಿಯಟ್ ಎಂಜಿನ್ ಅನ್ನೇ ತೆಗೆದುಕೊಳ್ಳಿ. 2,000 ಸುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 1,250 ಲೀಟರ್ ಗಾಳಿ ನುಂಗಬಲ್ಲದು. ಟರ್ಬೊ ಇಲ್ಲದಿದ್ದರೆ ಬೆಳಗಾವಿಯಲ್ಲಿ ಆ ಗಾಳಿಯ ತೂಕ 1.3 ಕಿಲೋ ಮಾತ್ರ. ಟರ್ಬೊ ಚೆನ್ನಾಗಿ ಒತ್ತಿದರೆ ಅದೇ ಜಾಗದಲ್ಲಿ 2.5 ಕಿಲೋ ಹಿಡಿಯುತ್ತದೆ. ಅಂದಮೇಲೆ ಟರ್ಬೊ ಒತ್ತಡ ತಪ್ಪಿದ ದಿನ ಕಾರಿನ ಬಲ ಅರ್ಧಕ್ಕೆ ಇಳಿಯುವುದರಲ್ಲಿ ಅಚ್ಚರಿಯೇನಿಲ್ಲ.

ಇನ್ನೊಂದು ವಿಷಯವನ್ನು ಇದರ ಜೊತೆಗೇ ಇಟ್ಟು ನೋಡಬೇಕು. ಹೊಗೆ ನಿಯಂತ್ರಣದ ಸಾಧನಗಳೆಲ್ಲ ಕೂತಿರುವುದು ಇದೇ ಗಾಳಿಯ ದಾರಿಯಲ್ಲಿ. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಕಳಿಸುವ ಇಜಿಆರ್ ಕವಾಟ ಒಳದಾರಿಯಲ್ಲಿದೆ. ಮಸಿ ಹಿಡಿಯುವ ಡಿಪಿಎಫ್ ಜಾಲರಿ ಹೊರದಾರಿಯಲ್ಲಿದೆ. ಆದ್ದರಿಂದ ಪಿಕಪ್ ಹೋದ ದೂರು ಮತ್ತು ಹೊಗೆ ವ್ಯವಸ್ಥೆಯ ದೂರು ಬಹಳ ಸಲ ಒಂದೇ ಕಾಯಿಲೆ. ಇವನ್ನು ಬೇರೆ ಬೇರೆ ಎಂದು ತಿಳಿದು ಬೇರೆ ಬೇರೆ ಬಿಲ್ ಕಟ್ಟುವುದೇ ದುಬಾರಿ ತಪ್ಪು.

ಬೆಳಗಾವಿಯವರು ನೆನಪಿಡಬೇಕಾದ ಒಂದು ಸಂಖ್ಯೆ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸಮುದ್ರತೀರದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್ ಇದ್ದರೆ ಇಲ್ಲಿ 92, 93. ಒಂದಿಷ್ಟು ತಗ್ಗಿನಲ್ಲಿರುವ ಖಾನಾಪುರದಲ್ಲಿ ಒಂದು ಕಿಲೋಪಾಸ್ಕಲ್ ಹೆಚ್ಚು. ಸ್ಕ್ಯಾನರ್ ಹಚ್ಚಿ, ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಒಳದಾರಿಯ ಒತ್ತಡ ಎಷ್ಟೆಂದು ನೋಡಿ. ಒಳಗೂ ಹೊರಗೂ ಆಗ ಒಂದೇ ಗಾಳಿ, ಹಾಗಾಗಿ 92 ಅಥವಾ 93 ತೋರಿಸಲೇಬೇಕು. ತಿಲಕವಾಡಿಯಲ್ಲಿ ನಿಂತ ಕಾರು 101 ತೋರಿಸಿದರೆ, ಅಥವಾ 84 ತೋರಿಸಿದರೆ, ಸುಳ್ಳು ಹೇಳುತ್ತಿರುವುದು ಸೆನ್ಸರ್. ಹೆಚ್ಚಾಗಿ ಅದರ ಮೂತಿಗೆ ಎಣ್ಣೆ ಮಿಶ್ರಿತ ಮಸಿ ಮೆತ್ತಿರುತ್ತದೆ, ಒರೆಸಿದರೆ ಸರಿಹೋಗುವುದೂ ಉಂಟು. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾವ ಭಾಗವನ್ನೂ ಬಿಚ್ಚಬಾರದು.

ಮುಂದಿನ ಹೆಜ್ಜೆ ರಸ್ತೆಯ ಮೇಲೆ. ಮೂರನೇ ಗೇರಿನಲ್ಲಿ 1,500 ಸುತ್ತಿನಿಂದ ಪೂರ್ತಿ ತುಳಿದು, ಜೊತೆಯಲ್ಲಿ ಕೂತವರು ಸ್ಕ್ಯಾನರ್ ನೋಡಬೇಕು. ಓಡಿಸುವವರು ನೋಡಬಾರದು. ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು: ಏರ್ ಫಿಲ್ಟರ್ ದಾಟಿದ ಕೂಡಲೇ ಕೂತಿರುವ ಸೆನ್ಸರ್ ಅಳೆಯುವ ಗಾಳಿಯ ತೂಕ, ಮತ್ತು ಎಂಜಿನ್ ಬಾಯಿಯಲ್ಲಿರುವ ಸೆನ್ಸರ್ ಅಳೆಯುವ ಒತ್ತಡ. ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನಲ್ಲಿ ಒತ್ತಡ 200 ಕಿಲೋಪಾಸ್ಕಲ್ ಸುತ್ತಮುತ್ತ ಏರಿ, ಕಂಪ್ಯೂಟರ್ ಕೇಳಿದ ಅಂಕಿಯ ಹಿಂದೆಯೇ ಓಡುತ್ತದೆ.

ಗಾಳಿಯ ತೂಕ ಸಾಕಷ್ಟಿದೆ, ಒತ್ತಡ ಮಾತ್ರ ಏರುತ್ತಿಲ್ಲ ಎಂದರೆ ಅಳೆದ ಗಾಳಿ ನಡುದಾರಿಯಲ್ಲಿ ಸೋರಿ ಹೋಗುತ್ತಿದೆ. ಹೋಸ್, ಅದರ ಕ್ಲಿಪ್, ಇಂಟರ್‌ಕೂಲರ್ ನೋಡಬೇಕು. ಹೊರಟಾಗ ಸುಯ್ಯೆಂಬ ಸದ್ದು, ಹಿಂದೆ ಕಪ್ಪು ಹೊಗೆ, ಸೀಳಿದ ಜಾಗದ ಸುತ್ತ ಎಣ್ಣೆಯ ಜಿಡ್ಡು ಇದರ ಗುರುತು. ಅದೇ ತಿರುಗಮುರುಗವಾಗಿ ಒತ್ತಡ ಸರಿಯಿದ್ದು ಗಾಳಿಯ ತೂಕ ಕಡಿಮೆ ತೋರಿಸಿದರೆ, ಶುದ್ಧ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸಿದೆ. ಅಂದರೆ ಇಜಿಆರ್ ಕವಾಟ ಮಸಿ ಕಟ್ಟಿ ತೆರೆದೇ ಉಳಿದಿದೆ. ತೂಕ ಅಳೆಯುವ ಸೆನ್ಸರೇ ಕೊಳೆಯಾಗಿರಬಹುದು, ಅದನ್ನೂ ತೊಳೆದು ನೋಡಬೇಕು. ಎರಡೂ ಕಡಿಮೆಯಾದರೆ ಏರ್ ಫಿಲ್ಟರ್, ಟರ್ಬೊ, ಟರ್ಬೊ ನಡೆಸುವ ನಿರ್ವಾತದ ಸಣ್ಣ ನಳಿಕೆಗಳು, ಇಲ್ಲವೇ ಕಟ್ಟಿಹೋದ ಹೊರದಾರಿ. ನಿರ್ವಾತ ನಳಿಕೆಗಳು ಬಿಸಿಗೆ ಬಿರುಕು ಬಿಡುತ್ತವೆ, ಇಲಿ ಕಡಿದದ್ದೂ ಇರುತ್ತದೆ. ಟರ್ಬೊ ಬದಲಿಸುವ ಮೊದಲು ಆ ನಳಿಕೆಗಳಿಗೆ ಕೈಪಂಪ್ ಹಚ್ಚಿ ಹಿಡಿತ ನೋಡಲು ಹತ್ತು ನಿಮಿಷ ಸಾಕು.

ಮತ್ತೊಂದು ಸುಳಿವು ಕೀಲಿಯಲ್ಲಿದೆ. ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಮತ್ತೆ ಚಾಲೂ ಮಾಡಿದಾಗ ಸ್ವಲ್ಪ ದೂರ ಬಲ ಮರಳಿ ಬಂದರೆ, ಕಂಪ್ಯೂಟರ್ ಎಂಜಿನ್ ಕಾಪಾಡಲು ತಾನೇ ಇಂಧನಕ್ಕೆ ಕಡಿವಾಣ ಹಾಕಿತ್ತು ಎಂದರ್ಥ. ಕೀಲಿ ತಿರುಗಿಸಿದರೂ ವ್ಯತ್ಯಾಸವಿಲ್ಲದಿದ್ದರೆ ದಾರಿ ನಿಜವಾಗಿಯೂ ಎಲ್ಲೋ ಕಟ್ಟಿದೆ, ಇಲ್ಲವೇ ಇಂಧನವೇ ಸಾಲುತ್ತಿಲ್ಲ. ಖಾನಾಪುರದ ಮಳೆಗಾಲದಲ್ಲಿ ಇಂಧನದ ಕಡೆಯನ್ನು ಮರೆಯಬಾರದು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಲ್ಲುತ್ತದೆ, ಅದನ್ನು ಬಿಚ್ಚಿ ಹರಿಸಬೇಕು. ಐಡಲ್‌ನಲ್ಲಿ 300 ಬಾರ್ ಆಸುಪಾಸು ಇರುವ, ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲ್ ಕೊಳವೆಯ ಒತ್ತಡ, ಪೂರ್ತಿ ತುಳಿದಾಗ 1,600 ಬಾರ್‌ವರೆಗೆ ಏರಬೇಕು. ಏರದಿದ್ದರೆ ಗಾಳಿಯ ಕಡೆ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ.

ಈಗ ಜಾಲರಿಯ ವಿಷಯ. ದೇಶಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಮಸಿ 25 ಮಿಲಿಗ್ರಾಂನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡ್ 250ರಿಂದ 80 ಮಿಲಿಗ್ರಾಂಗೆ ಇಳಿಯಿತು. ಇಂಧನದ ಗಂಧಕವೂ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಡಿಪಿಎಫ್ ಇಲ್ಲದೆ ಈ ಮಸಿಯ ಮಿತಿ ಮುಟ್ಟುವುದು ಡೀಸೆಲ್ ಕಾರಿಗೆ ಆಗದ ಮಾತು. ಅದು ಜೇನುಗೂಡಿನಂತೆ ಸಣ್ಣ ಕೊಳವೆಗಳಿರುವ ಸೆರಾಮಿಕ್ ದಿಮ್ಮಿ. ಪಕ್ಕಪಕ್ಕದ ಕೊಳವೆಗಳಲ್ಲಿ ಒಂದರ ಮುಂದಿನ ಬಾಯಿ, ಇನ್ನೊಂದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ದಾಟಬೇಕು, ಮಸಿ ಗೋಡೆಯಲ್ಲಿ ಉಳಿಯುತ್ತದೆ.

ಉಳಿದ ಮಸಿಯನ್ನು ಸುಡಬೇಕು. ಹೆದ್ದಾರಿಯಲ್ಲಿ ಹೊಗೆಯ ಬಿಸಿ 250 ಡಿಗ್ರಿ ದಾಟಿದರೆ ನಿಧಾನವಾಗಿ ತಾನಾಗಿ ಸುಡುತ್ತದೆ. ಅಷ್ಟು ಸಾಲದಿದ್ದಾಗ ಕಂಪ್ಯೂಟರ್ ಹೆಚ್ಚುವರಿ ಇಂಧನ ಚಿಮ್ಮಿಸಿ ಜಾಲರಿಯನ್ನು 600 ಡಿಗ್ರಿಗೆ ಕಾಯಿಸುತ್ತದೆ. ಅದಕ್ಕೆ ಹದಿನೈದು, ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ಕ್ಯಾಂಪಿನಿಂದ ಖಡೇಬಜಾರ್, ಅಲ್ಲಿಂದ ತಿಲಕವಾಡಿ, ನಡುವೆ ರೈಲ್ವೆ ಗೇಟ್ ಬಿದ್ದರೆ ಅಲ್ಲೊಂದಿಷ್ಟು ಹೊತ್ತು: ಊರೊಳಗಿನ ಇಂಥ ಓಡಾಟದಲ್ಲಿ ಸುಡುವ ಕೆಲಸ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿ ಸಲ ಅರ್ಧಕ್ಕೆ ನಿಂತಾಗ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದನ್ನು ಶುಭವೆಂದು ತಿಳಿಯದೆ ಕೂಡಲೇ ಬದಲಿಸಬೇಕು. ತೆಳುವಾದ ಆಯಿಲ್ ಟರ್ಬೊ ಬೇರಿಂಗನ್ನು ತಿನ್ನುತ್ತದೆ.

ಬೆಳಗಾವಿಗೆ ಇದಕ್ಕೆ ಪರಿಹಾರ ಹತ್ತಿರದಲ್ಲೇ ಇದೆ. ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ಹೆದ್ದಾರಿಯಲ್ಲಿ 60, 70ರ ವೇಗದಲ್ಲಿ, ಎಂಜಿನ್ ಸುತ್ತು 2,000ಕ್ಕಿಂತ ಕೆಳಗಿಳಿಯದಂತೆ ಒಂದು ಗೇರ್ ಕಡಿಮೆ ಇಟ್ಟು ಓಡಿಸಿದರೆ, ಸುಡುವ ಕೆಲಸ ಖಾನಾಪುರ ಮುಟ್ಟುವುದರೊಳಗೆ ಮುಗಿಯುತ್ತದೆ. ಐಡಲ್ ಸ್ವಲ್ಪ ಏರಿದ್ದರೆ, ನಿಂತಾಗ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಮೈಲೇಜ್ ಅಂಕಿ ಒಮ್ಮೆಲೇ ಕುಸಿದಿದ್ದರೆ, ಜಾಲರಿ ಸುಡುತ್ತಿದೆ ಎಂದು ತಿಳಿದು ಎಂಜಿನ್ ಆರಿಸದೆ ಮುಂದೆ ಹೋಗಬೇಕು. ಬೇಸಿಗೆಯಲ್ಲಿ ಖಾನಾಪುರದ ಕಾಡಂಚಿನ ಒಣ ಹುಲ್ಲು, ತರಗೆಲೆಯ ಮೇಲೆ ಅಂಥ ಕಾರನ್ನು ನಿಲ್ಲಿಸಬೇಡಿ. ಕೆಳಗಿನ ಕೊಳವೆಯ ಬಿಸಿಗೆ ಬೆಂಕಿ ಹತ್ತುತ್ತದೆ. ಜಾಲರಿಯ ಕೆಂಪು ದೀಪ ಹೊತ್ತಿದ ಮೇಲಂತೂ ಈ ಓಟ ಬೇಡ, ಮಸಿ ಮಿತಿಮೀರಿದ್ದರೆ ದಿಮ್ಮಿ ಅತಿಯಾಗಿ ಕಾದು ಬಿರಿಯುತ್ತದೆ.

ಆದರೆ ಜಾಲರಿ ಪದೇ ಪದೇ ತುಂಬುತ್ತಿದ್ದರೆ ತಪ್ಪು ಅದರದ್ದಲ್ಲ. ಮಸಿ ಹೆಚ್ಚು ಹುಟ್ಟುತ್ತಿರುವುದು ಎಲ್ಲಿ ಎಂದು ಹುಡುಕಬೇಕು. ಸೋರುವ ಹೋಸ್, ತೆರೆದೇ ಉಳಿದ ಇಜಿಆರ್, ಜಿನುಗುವ ಇಂಜೆಕ್ಟರ್, ಮೂರೂ ಮಸಿಯನ್ನು ಹೆಚ್ಚಿಸುತ್ತವೆ. ಜಾಲರಿಯ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಐಡಲ್‌ನಲ್ಲಿ ಒಂದು ಕಿಲೋಪಾಸ್ಕಲ್ ಸುತ್ತಮುತ್ತ ಇರಬೇಕು. ಎಂಜಿನ್ ನಿಂತಾಗ ಸೊನ್ನೆ ತೋರಿಸದಿದ್ದರೆ ಆ ಸೆನ್ಸರಿನ ಮಾತನ್ನೇ ನಂಬಬಾರದು.

ಜಾಲರಿಯನ್ನು ಕೊರೆದು ತೆಗೆಯುವುದು, ಇಜಿಆರ್ ದಾರಿಗೆ ತಗಡು ಹಾಕಿ ಮುಚ್ಚುವುದು, ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ತುಂಬಿ ದೀಪ ಆರಿಸುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ. ಇದನ್ನು ದುರಸ್ತಿ ಎಂದು ಒಪ್ಪಲು ನನ್ನಿಂದಾಗದು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗಣಪತ್ ಗಲ್ಲಿಯಂಥ ಇಕ್ಕಟ್ಟಿನ ಪೇಟೆಯಲ್ಲಿ ಆ ಹೊಗೆ ಹೋಗುವುದು ಅಂಗಡಿಯ ಮುಂದೆ ಕೂತವರ ಎದೆಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೂಡ ತಯಾರಕರು ಕೊಟ್ಟ ಮೂಲರೂಪವನ್ನು ಹೀಗೆ ಬದಲಿಸುವುದನ್ನು ತಡೆಯುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ನಿಯಂತ್ರಿಸುವ ಸಾಫ್ಟ್‌ವೇರಿನಿಂದ. ಭಾರತದಲ್ಲೇ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು.

ಉದ್ಯಮಬಾಗದ ಫೌಂಡ್ರಿ, ಮಶೀನ್ ಶಾಪುಗಳಲ್ಲಿ ಎರಕದ ಒಂದು ಭಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆದು ಮಾತ್ರ ಹೊರಗೆ ಬಿಡುವ ಕೈಗಳಿವೆ. ಅದೇ ಊರಿನ ಕಾರಿಗೆ ಅಂದಾಜಿನ ಮೇಲೆ ಭಾಗ ಬದಲಿಸುವುದು ಏಕೆ? ಬಿಚ್ಚುವ ಮೊದಲಿನ ಅಂಕಿ, ಕೂಡಿಸಿದ ಮೇಲಿನ ಅಂಕಿ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಗ್ರಾಹಕರ ಹಕ್ಕು.

ಇನ್ನೊಂದು ಮಾತು ಆಯಿಲಿನ ಬಗ್ಗೆ. ಮಸಿ ಸುಟ್ಟುಹೋಗುತ್ತದೆ, ಎಂಜಿನ್ ಆಯಿಲಿನ ಲೋಹಾಂಶದಿಂದ ಹುಟ್ಟುವ ಬೂದಿ ಸುಡುವುದಿಲ್ಲ. ಎಷ್ಟು ಸಲ ಖಾನಾಪುರಕ್ಕೆ ಹೋಗಿಬಂದರೂ ಅದು ಕೊಳವೆಗಳ ತುದಿಯಲ್ಲಿ ಗಟ್ಟಿಯಾಗಿ ಕೂತೇ ಇರುತ್ತದೆ. ಅದಕ್ಕಾಗಿ ಡಿಪಿಎಫ್ ಇರುವ ಕಾರಿಗೆ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು, ಯಾವ ದರ್ಜೆ ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಬೂದಿ ತುಂಬಿದ ಜಾಲರಿಯನ್ನು ಬಿಚ್ಚಿ, ಯಂತ್ರದಲ್ಲಿ ಹಿಂದಿನಿಂದ ಗಾಳಿ ಊದಿಸಿ ಸ್ವಚ್ಛ ಮಾಡಿಸಬಹುದು. ಕೊಡುವಾಗ ತೂಗಿಸಿ, ಒಣಗಿಸಿ ವಾಪಸು ಪಡೆಯುವಾಗ ಮತ್ತೆ ತೂಗಿಸಿ. ತೂಕ ಇಳಿಯದಿದ್ದರೆ ಬೂದಿ ಒಳಗೇ ಇದೆ, ಅದನ್ನು ಗಾಡಿಗೆ ಕೂಡಿಸಲು ಬಿಡಬೇಡಿ.