ಎತ್ತರದ ಸಸಿಯೇ ಒಳ್ಳೆಯದೇ?

ಪ್ರಶ್ನೆ: ನರ್ಸರಿಯಲ್ಲಿ ಅಪ್ಪೆಮಿಡಿ ಗಿಡ ಆರಿಸುವುದು ಹೇಗೆ? (ಓದುಗರೊಬ್ಬರು, ಆನಂದಪುರ)

ಉತ್ತರ: ಎತ್ತರ ಕಣ್ಣಿಗೆ ಚೆಂದ, ಅಷ್ಟೆ. ನೆರಳಲ್ಲಿ ಒತ್ತೊತ್ತಾಗಿಟ್ಟ ಸಸಿಯೂ ಬೆಳಕು ಸಾಲದೆ ಸಪೂರವಾಗಿ ಉದ್ದ ಬೆಳೆಯುತ್ತದೆ. ಬುಡ ದಪ್ಪಗಿರುವ ಗಿಡ್ಡ ಗಿಡವೇ ಮೇಲು.

ಮೊದಲು ನೋಡಬೇಕಾದದ್ದು ಕಸಿಯ ಗಂಟು. ವಾಟೆಯಿಂದ ಎದ್ದ ಸಸಿಗೆ ತಾಯಿಮರದ ಸೊನೆ, ಪರಿಮಳ ಬಂದೇ ಬರುತ್ತದೆ ಎನ್ನುವಂತಿಲ್ಲ; ಸಾಗರ, ಹೊಸನಗರದ ಹೊಳೆದಂಡೆಯ ಹೆಸರಾಂತ ಮರಗಳ ಗುಣ ಉಳಿಯುವುದು ಕಸಿಯಲ್ಲೇ. ಗಂಟು ಬಿರುಕಿಲ್ಲದೆ ಕೂಡಿರಬೇಕು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕೊರೆದಿರಬಾರದು. ಗಂಟಿನ ಕೆಳಗೆ ಒಡೆದ ಚಿಗುರು ಅಪ್ಪೆಯದಲ್ಲ, ಬೇರುಗಿಡದ್ದು. ಅದನ್ನು ಚಿವುಟಬೇಕು.

ಕೊಟ್ಟೆಯ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಗಿಡ ಬೇಡ.

ಜೊತೆಗೆ ಕಾಳುಮೆಣಸು ಒಯ್ಯುವವರು ಒಂದು ಕೊಟ್ಟೆ ಬಿಡಿಸಿ ತೋರಿಸಲು ಕೇಳಲಿ. ಬೇರಿನಲ್ಲಿ ಸಣ್ಣ ಗಂಟುಗಳಿದ್ದರೆ ಜಂತುಹುಳುವಿನ ಕಾಟ. ಎಲೆಯಲ್ಲಿ ಕಪ್ಪು ಮಚ್ಚೆಯಿದ್ದರೆ ಸೊರಗು ರೋಗದ ಶಂಕೆ. ತಳಿಯ ಗೊಂದಲವಿದ್ದರೆ ಪಕ್ಕದ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ.